ಅಪ್‌ಡೇಟ್: ಎಕ್ಸಿಮಾಗೆ ಪ್ರಿಮ್‌ರೋಸ್ ಎಣ್ಣೆ ಗುಳಿಗೆ

ಈವ್ನಿಂಗ್ ಪ್ರಿಮ್‌ರೋಸ್ ಅಥವಾ ಬೋರೇಜ್ ಗಿಡದ ಬೀಜದೆಣ್ಣೆ ನುಂಗಿದರೆ ಎಕ್ಸಿಮಾ (ತುರಿಕೆಯ ಚರ್ಮರೋಗ) ತಗ್ಗುತ್ತದೆಯೇ, ಪರೀಕ್ಷಿಸುವುದು ಹೇಗೆ ಎಂದು ಕೇಳಿದ್ದೆ. ಸಿಕ್ಕ ಉತ್ತರ ನಿರಾಸೆಯದೇ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆ 27 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಡಮ್ಮಿ ಗುಳಿಗೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಎಕ್ಸಿಮಾಗೆಂದು ಕೊಡುತ್ತಿದ್ದ ಪ್ರಿಮ್‌ರೋಸ್ ಎಣ್ಣೆಯ ಔಷಧಿ ಎಪೊಗ್ಯಾಮ್‌ನ ಪರವಾನಗಿ 2002ರಲ್ಲೇ ರದ್ದಾಗಿತ್ತು.

ತರ್ಕವೇನೋ ಚೆನ್ನಾಗಿತ್ತು: ಆಹಾರದ ಲಿನೋಲೆಯಿಕ್ ಎಂಬ ಕೊಬ್ಬಿನಾಮ್ಲವನ್ನು ಗಾಮಾ-ಲಿನೋಲೆನಿಕ್ (ಈ ಎಣ್ಣೆಗಳಲ್ಲಿರುವ ಕೊಬ್ಬಿನಾಮ್ಲ) ಆಗಿಸುವ ಕಿಣ್ವ ಎಕ್ಸಿಮಾದಲ್ಲಿ ಮಂದ, ಹಾಗಾಗಿ ಆ ಗಾಮಾವನ್ನೇ ನೇರ ಕೊಡೋಣ ಅಂತ. ಡೋಸ್ ಸಾಲಲಿಲ್ಲ ಎನ್ನುವ ನೆಪವೂ ನಿಲ್ಲುವುದಿಲ್ಲ. ಪ್ರಿಮ್‌ರೋಸ್‌ನಲ್ಲಿ ಗಾಮಾ ಸುಮಾರು ಶೇ 9, ಬೋರೇಜ್‌ನಲ್ಲಿ ಶೇ 20ರ ಮೇಲೆ. 2003ರ ಬೋರೇಜ್ ಪ್ರಯೋಗದಲ್ಲಿ ವಯಸ್ಕರಿಗೆ ದಿನಕ್ಕೆ 920 ಮಿ.ಗ್ರಾಂ ಗಾಮಾ, 12 ವಾರ ಕೊಟ್ಟರೂ ಫಲ ಸೊನ್ನೆ.

ಆದರೂ ಪರೀಕ್ಷಿಸುವವರು ಎಡವುವುದು ಎರಡು ಕಡೆ. ತುರಿಕೆ ಉಲ್ಬಣಿಸಿದಾಗ ಗುಳಿಗೆ ಶುರುವಾಗುತ್ತದೆ. ತುರಿಕೆ ತಾನಾಗಿ ಇಳಿದರೂ ಹೆಸರು ಗುಳಿಗೆಗೆ. ಇನ್ನೊಂದು ಸ್ಟೆರಾಯ್ಡ್ ಮುಲಾಮು: ವಾರಕ್ಕೊಮ್ಮೆ ಟ್ಯೂಬ್ ತೂಗಿ ಬರೆದಿಡಿ, ಇಲ್ಲದಿದ್ದರೆ ಮುಲಾಮಿನ ಗುಣ ಎಣ್ಣೆಯ ಖಾತೆಗೆ ಹೋಗುತ್ತದೆ. ಜೊತೆಗೆ ಪೋಯಮ್ ಅಂಕವನ್ನೂ (ಎಕ್ಸಿಮಾ ಎಷ್ಟು ಕಾಡುತ್ತಿದೆ ಎಂದು ರೋಗಿಯೇ ಕೊಡುವ ಅಂಕ, 0–28) ಬರೆದಿಡಿ. ಒಂದೆರಡು ಅಂಕದ ಏರಿಳಿತ ಲೆಕ್ಕಕ್ಕಿಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಪ್ರಯೋಗಕ್ಕೇ ಇಳಿಯಬೇಡಿ, ರಕ್ತಸ್ರಾವದ ಅಪಾಯವಿದೆ.