ತಮ್ಮನ ಮದುವೆ ಅಮೆರಿಕದ ಹುಡುಗಿ ಜೊತೆ: ಧಾರೆ, ರಿಜಿಸ್ಟರ್, ವೀಸಾ, ಯಾವುದು ಮೊದಲು?

ತಿಪಟೂರಿನವರು:
ತಮ್ಮ ಇಲ್ಲೇ ತಿಪಟೂರಿನಲ್ಲಿದ್ದಾನೆ. ಹುಡುಗಿ ಅಮೆರಿಕದ ಪ್ರಜೆ, ಕ್ರಿಶ್ಚಿಯನ್. ಇ-ಟೂರಿಸ್ಟ್ ವೀಸಾದಲ್ಲಿ ಬರುತ್ತಾಳೆ, ಮದುವೆಯಾದ ಮೇಲೆ ಇಲ್ಲೇ ಉಳಿಯಬೇಕು. ಮೊದಲು ದೇವಸ್ಥಾನದಲ್ಲಿ ಧಾರೆ ಎರೆದು, ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದರೆ ಆಯ್ತು ಅಂತ ಮನೆಯಲ್ಲಿ ಅಂದುಕೊಂಡಿದ್ದಾರೆ. ಸರಿಯೇ? ತೋಟದ ಪಹಣಿಯಲ್ಲಿ ಸೊಸೆಯ ಹೆಸರೂ ಇರಲಿ ಅಂತ ಅಪ್ಪನ ಆಸೆ.

ಕಲ್ಪತರು ನಾಡು:
ಧಾರೆ ಆಮೇಲೆ ಇಟ್ಟುಕೊಳ್ಳಿ, ಮದುವೆಯಾಗುತ್ತೇವೆ ಎಂಬ ನೋಟಿಸ್ ಅನ್ನು ವಿವಾಹ ಅಧಿಕಾರಿಗೆ ಮೊದಲು ಕೊಡಿ. ಇಬ್ಬರಲ್ಲಿ ಒಬ್ಬರು ಹಿಂದೂ ಅಲ್ಲದಿದ್ದರೂ ಹಿಂದೂ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಆಗುವುದಿಲ್ಲ, 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. ಅದರ 5ನೇ ಸೆಕ್ಷನ್ ಪ್ರಕಾರ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದರೆ ಸಾಕು. ನಿಮ್ಮ ತಮ್ಮ ಇದ್ದಾರಲ್ಲ, ಹುಡುಗಿ ಬಂದ ವಾರದಲ್ಲೇ ನೋಟಿಸ್ ಕೊಡಬಹುದು. ಅದೇ ಧಾರೆ ಮುಗಿಸಿಕೊಂಡು ಹೋದರೆ 15ನೇ ಸೆಕ್ಷನ್ನಿಗೆ, ಅಂದರೆ ಆಗಲೇ ಆದ ಮದುವೆಯನ್ನು ರಿಜಿಸ್ಟರ್ ಮಾಡಿಸುವ ದಾರಿಗೆ, ಬೀಳುತ್ತೀರಿ. ಅಲ್ಲಿ ಇಬ್ಬರೂ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು, ಅದರ ಮೇಲೆ ಮತ್ತೆ 30 ದಿನದ ನೋಟಿಸ್. ವೀಸಾದ ದಿನಗಳು ಸುಮ್ಮನೆ ಕರಗುತ್ತವೆ. ಧಾರೆಯ ಫೋಟೊಗಳು ಊರೆಲ್ಲ ಓಡಾಡುತ್ತಿರುವಾಗ ಹುಡುಗಿ ಅವಿವಾಹಿತೆ ಎಂದು ಅಫಿಡವಿಟ್ ಕೊಡುವುದೂ ಇಕ್ಕಟ್ಟೇ.

ನೋಟಿಸ್ ಕೊಟ್ಟ 30 ದಿನದ ನಂತರ, ತಕರಾರು ಬರದಿದ್ದರೆ, ಮೂವರು ಸಾಕ್ಷಿಗಳ ಮುಂದೆ ಸಹಿ. ನೋಟಿಸ್ ದಿನದಿಂದ 3 ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸೇ ಕೊಡಬೇಕು.

ಅಮೆರಿಕ ಸರ್ಕಾರ ಅವಿವಾಹಿತ ಪ್ರಮಾಣಪತ್ರ ಕೊಡುವುದಿಲ್ಲ. ಹುಡುಗಿಯೇ ಅಫಿಡವಿಟ್ ಬರೆದು ಚೆನ್ನೈ ಕಾನ್ಸುಲೇಟಿನಲ್ಲಿ ನೋಟರಿ ಮಾಡಿಸಬೇಕು, ಒಂದು ಸೀಲಿಗೆ 50 ಡಾಲರ್. ಅಪಾಯಿಂಟ್‌ಮೆಂಟ್ ಈಗಲೇ ನೋಡಿಕೊಳ್ಳಿ. ಮೊದಲೊಂದು ಮದುವೆ ಆಗಿದ್ದರೆ ವಿಚ್ಛೇದನದ ತೀರ್ಪಿನ ಪ್ರತಿಗೆ ಅಮೆರಿಕದಿಂದಲೇ ಅಪೊಸ್ಟೀಲ್ (ಬೇರೆ ದೇಶದಲ್ಲಿ ನಡೆಯುವಂಥ ದೃಢೀಕರಣದ ಮುದ್ರೆ) ಮಾಡಿಸಿ ತರಲಿ. ಇಲ್ಲಿ ಕೂತು ಅದನ್ನು ತರಿಸುವುದು ಕಷ್ಟ.

ನಂದಿಬೆಟ್ಟದ ತಪ್ಪಲು:
ಎಲ್ಲರೂ ಮರೆಯುವುದು ಫಾರ್ಮ್ III, 2025ಕ್ಕೆ ಮೊದಲು ಫಾರ್ಮ್ ಸಿ ಅನ್ನುತ್ತಿದ್ದದ್ದು. ವಿದೇಶಿಯರು ನಿಮ್ಮ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಲಾಡ್ಜಿನವರಿಗೆ ಮಾತ್ರ ಅಲ್ಲ, ಬೀಗರ ಮನೆಗೂ ಇದೇ ನಿಯಮ. ಮುಂದೆ ವಾಸದ ದಾಖಲೆ ಕೇಳಿದಾಗ ಇದೇ ಕೈಹಿಡಿಯುತ್ತದೆ.

ಟೂರಿಸ್ಟ್ ವೀಸಾ ಸಾಮಾನ್ಯವಾಗಿ ಬೇರೆ ವೀಸಾ ಆಗಿ ಬದಲಾಗುವುದಿಲ್ಲ. ಭಾರತೀಯರನ್ನು ಮದುವೆಯಾದವರು ಎಂಟ್ರಿ ವೀಸಾಗೆ, ಅಂದರೆ ಎಕ್ಸ್ ವೀಸಾಗೆ, ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಕೊಡುವುದು ಬಿಡುವುದು ಅವರ ವಿವೇಚನೆ. ವೀಸಾ ಮುಗಿಯುವ ಹೊತ್ತಿಗೆ ಓಡಬೇಡಿ. ಗಂಡ ಹೆಂಡತಿ ಒಟ್ಟಿಗೆ ಬಾಳುತ್ತಿದ್ದಾರೆಯೇ ಎಂದು ಪೊಲೀಸ್ ವರದಿ ಬರಬೇಕು, ಸ್ಟೇಷನ್ನಿನಿಂದ ಮನೆಗೇ ಬರುತ್ತಾರೆ. ವಿಳಾಸದಲ್ಲಿ ಇಬ್ಬರೂ ಸಿಗಬೇಕು.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಹೆಸರಿನಿಂದ. ನಮ್ಮವರ ಆಧಾರ್ ಕಾರ್ಡಿನಲ್ಲಿ ಇನಿಷಿಯಲ್ 'ಟಿ. ಆರ್.' ಅಂತಿರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಊರು, ಅಪ್ಪನ ಹೆಸರು ಅಂತಾಗಿರುತ್ತದೆ. ಹುಡುಗಿಯ ನಡು ಹೆಸರನ್ನು ಕ್ಲರ್ಕ್ ಬಿಟ್ಟೇಬಿಡುತ್ತಾರೆ. ಮದುವೆ ಸರ್ಟಿಫಿಕೇಟ್ ಪ್ರಿಂಟ್ ಆಗುವ ಮುಂಚೆಯೇ ಎರಡೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಓದಿ. ಆಮೇಲೆ ತಿದ್ದಿಸುವುದು ಹರಸಾಹಸ.

ತಿಪಟೂರಿನವರು:
ತುಂಬಾ ಉಪಕಾರ ಆಯ್ತು. ಧಾರೆ ಮುಂದಕ್ಕೆ ಹಾಕಲು ಅಪ್ಪನಿಗೆ ಹೇಳುತ್ತೇನೆ. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಯಾವಾಗ? ತೋಟದ ವಿಷಯ?

ಕಲ್ಪತರು ನಾಡು:
ಮದುವೆ ರಿಜಿಸ್ಟರ್ ಆಗಿ, ಅರ್ಜಿ ಹಾಕುವ ದಿನಕ್ಕೆ 2 ವರ್ಷ ಸತತವಾಗಿ ಊರ್ಜಿತದಲ್ಲಿರಬೇಕು. ಭಾರತದಲ್ಲಿ ಅರ್ಜಿ ಹಾಕಿದರೆ ಶುಲ್ಕ 15,000 ರೂಪಾಯಿ. ವಿಚ್ಛೇದನವಾದರೆ ಕಾರ್ಡ್ ರದ್ದಾಗಬಹುದು. ಅಲ್ಲಿಯವರೆಗೆ ಎಕ್ಸ್ ವೀಸಾದಲ್ಲಿ ಸಂಬಳದ ಕೆಲಸಕ್ಕೆ ಸೇರುವಂತಿಲ್ಲ, ಇದನ್ನು ಹುಡುಗಿಗೆ ಈಗಲೇ ಹೇಳಿಬಿಡಿ. ಪೌರತ್ವ ಬೇಕೆಂದರೆ ಭಾರತದಲ್ಲಿ 7 ವರ್ಷದ ವಾಸ ಬೇಕು, ಅಮೆರಿಕದ ಪಾಸ್‌ಪೋರ್ಟ್ ಬಿಡಬೇಕು.

ತೋಟವನ್ನು ಈಗ ಸೊಸೆಯ ಹೆಸರಿಗೆ ಬರೆಯಲು ಬರುವುದಿಲ್ಲ. ಒಸಿಐ ಬಂದರೂ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನಪತ್ರದಲ್ಲಿ ಪಡೆಯುವಂತೆಯೂ ಇಲ್ಲ. ಅಪ್ಪ ಮಗನ ಹೆಸರಿಗೆ ಮಾಡಲಿ. ಮುಂದೆ ವಾರಸುದಾರಿಕೆಯಲ್ಲಿ ಅವಳಿಗೆ ಬರುವ ಪಾಲಿನ ಬಗ್ಗೆ ವಕೀಲರ ಹತ್ತಿರ ಉಯಿಲು ಬರೆಸಿಡಿ. ಊರೊಳಗೆ ಮನೆ ಅಥವಾ ಸೈಟು ಒಸಿಐ ಬಂದ ಮೇಲೆ ಅವಳ ಹೆಸರಿಗೆ ಮಾಡಿಸಬಹುದು.