ಸ್ಪ್ರಿಂಗ್ ಏರ್ ರೈಫಲ್‌ಗೆ ಎಷ್ಟು ತೂಕದ ಪೆಲೆಟ್ ಸೂಕ್ತ? ಬಳಸಿದವರು ತಮ್ಮ ಅನುಭವ ತಿಳಿಸಿ

ಕೇಳಿದವರು, ಉಡುಪಿ

ಮಗಳ ಅಭ್ಯಾಸಕ್ಕೆಂದು ತೆಗೆದುಕೊಂಡ ದೇಶೀ ಸ್ಪ್ರಿಂಗ್ ಏರ್ ರೈಫಲ್ ನಮ್ಮಲ್ಲಿದೆ. ನಳಿಗೆ ಮಡಚಿ ಲೋಡ್ ಮಾಡುವಂಥದ್ದು, ಬೋರ್ (ನಳಿಗೆಯ ಒಳವ್ಯಾಸ) 4.5 ಮಿ.ಮೀ. ಇಷ್ಟು ದಿನ 0.45 ಗ್ರಾಂ ತೂಕದ ಚಪ್ಪಟೆ ಮೂತಿಯ ಪೆಲೆಟ್ (ಸೀಸದ ಸಣ್ಣ ಗುಂಡು) ಬಳಸುತ್ತಿದ್ದೆವು. ಸ್ಪ್ರಿಂಗ್ ಬದಲಾಯಿಸಿದ ಮೇಲೆ ಹತ್ತು ಮೀಟರ್ ದೂರದಲ್ಲಿ ಹೊಡೆತಗಳು ಮೇಲಕ್ಕೂ ಕೆಳಕ್ಕೂ ಚದುರುತ್ತಿವೆ; ಜೊತೆಗೆ ಪ್ರತಿ ಹೊಡೆತಕ್ಕೂ ಕಬ್ಬಿಣಕ್ಕೆ ಕಬ್ಬಿಣ ಬಡಿದಂಥ ಸದ್ದು ಬರುತ್ತದೆ. 0.53 ಗ್ರಾಂಗೆ ಹೋಗಬೇಕೋ, ಸ್ಪ್ರಿಂಗನ್ನೇ ಮತ್ತೆ ಬದಲಾಯಿಸಬೇಕೋ ತಿಳಿಯುತ್ತಿಲ್ಲ. ಖರ್ಚಿಗೆ ಮಿತಿಯಿದೆ.

ಸುರತ್ಕಲ್‌ನಿಂದ

ಆ ಸದ್ದು ನನಗೆ ಚೆನ್ನಾಗಿ ಗೊತ್ತು. ರಿಪೇರಿಯವರೊಬ್ಬರು "ಪವರ್ ಜಾಸ್ತಿ ಬರ್ತದೆ" ಎಂದು ನನ್ನ ರೈಫಲ್‌ಗೆ ಗಟ್ಟಿ ಸ್ಪ್ರಿಂಗ್ ಹಾಕಿಕೊಟ್ಟ ದಿನದಿಂದ ಅದು ಶುರುವಾಯಿತು. ಸ್ಪ್ರಿಂಗ್‌ಗೆ 650 ರೂಪಾಯಿ, ಕೂರಿಸಿದ್ದಕ್ಕೆ 400, ಮಳೆಗಾಲ ಮುಗಿಯುವ ಮೊದಲೇ ಹರಿದುಹೋದ ಪಿಸ್ಟನ್ ಸೀಲ್‌ಗೆ 180, ಸ್ಕ್ರೂ ಬುಡದಲ್ಲಿ ಮರದ ಸ್ಟಾಕ್ ಬಿರುಕು ಬಿಟ್ಟದ್ದಕ್ಕೆ ಬಡಗಿಗೆ 500. ಒಟ್ಟು 1,730 ರೂಪಾಯಿ ಕೊಟ್ಟು ನಾನು ಪಡೆದುಕೊಂಡದ್ದು ಮೊದಲಿಗಿಂತ ಕೆಟ್ಟ ಗುರಿಯನ್ನು. ಅವರು ಇವತ್ತಿಗೂ ತಮ್ಮ ಕೆಲಸ ಸರಿಯಿತ್ತೆಂದೇ ಹೇಳುತ್ತಾರೆ.

ಸ್ಪ್ರಿಂಗ್ ರೈಫಲ್‌ನಲ್ಲಿ ಸ್ಪ್ರಿಂಗ್ ಮುಂದಕ್ಕೆ ತಳ್ಳಿದ ಪಿಸ್ಟನ್ನನ್ನು ತಡೆದು ನಿಲ್ಲಿಸಬೇಕಾದದ್ದು ಅದರ ಮುಂದೆ ಒತ್ತಿಕೊಂಡ ಗಾಳಿ, ಸಿಲಿಂಡರ್‌ನ ಉಕ್ಕಿನ ತುದಿಯಲ್ಲ. ಪೆಲೆಟ್ ಹಗುರವಾಗಿದ್ದು ನಳಿಗೆಯಲ್ಲಿ ಸಡಿಲವಾಗಿಯೂ ಕೂತಿದ್ದರೆ, ಒತ್ತಡ ಪೂರ್ತಿ ಏರುವ ಮೊದಲೇ ಅದು ಹೊರಟುಬಿಡುತ್ತದೆ. ಅದರ ಬೆನ್ನಿಗೇ ಗಾಳಿಯೂ ಹೋಗಿಬಿಡುವುದರಿಂದ ತಡೆಯುವವರಿಲ್ಲದ ಪಿಸ್ಟನ್ ನೇರವಾಗಿ ತುದಿಗೆ ಅಪ್ಪಳಿಸುತ್ತದೆ. ನೀವು ಕೇಳುತ್ತಿರುವ ಸದ್ದು ಅದೇ. ಪೆಲೆಟ್ ಅಳತೆಮೀರಿ ಭಾರವಾದರೆ ಇದಕ್ಕೆ ತಿರುಗುಮುರುಗಾಗಿ, ಏರಿದ ಒತ್ತಡಕ್ಕೆ ಪಿಸ್ಟನ್ ಹಿಮ್ಮೆಟ್ಟಿ ಮತ್ತೊಮ್ಮೆ ಮುಂದೆ ಬರುತ್ತದೆ, ಪೆಲೆಟ್ ನಳಿಗೆ ಬಿಡುವ ಹೊತ್ತಿಗೆ ರೈಫಲ್ ಕೈಯಲ್ಲಿ ಅಲುಗುತ್ತಿರುತ್ತದೆ. ನಾನು 0.53 ಗ್ರಾಂಗೆ ಬದಲಾಯಿಸಿದೆ, ಸದ್ದು ನಿಂತಿತು. ಅಂದಿನಿಂದ ಬೇರೆ ತೂಕವನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ಮಣಿಪಾಲದಿಂದ

ಮೇಲಿನವರು ತೂಕವೊಂದನ್ನೇ ಹಿಡಿದುಕೊಂಡಿದ್ದಾರೆ. ಡಬ್ಬಿಯ ಮೇಲೆ ತೂಕದ ಜೊತೆಗೆ 4.49, 4.50, 4.51 ಎಂದು ಮಿ.ಮೀ. ಲೆಕ್ಕದಲ್ಲಿ ಪೆಲೆಟ್ ತಲೆಯ ವ್ಯಾಸವೂ ಮುದ್ರಿತವಾಗಿರುತ್ತದೆ, ಹೊಡೆತಗಳ ಗುಂಪು ಬಿಗಿಯಾಗುವುದೂ ಚದುರುವುದೂ ಅದರಿಂದ. ನನ್ನದು ಸಂಕುಚಿತ ಗಾಳಿಯ ಮ್ಯಾಚ್ ರೈಫಲ್. ಅದಕ್ಕಾಗಿ ಮನೆಯಲ್ಲಿ ಎಷ್ಟು ಮಾತು ಕೇಳಿದ್ದೇನೆ, ಎಷ್ಟು ಕಂತು ಕಟ್ಟುತ್ತಿದ್ದೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಆದರೆ ಪೆಲೆಟ್‌ನ ಲೆಕ್ಕ ಹೇಳುತ್ತೇನೆ: 500ರ ಒಂದು ಆಮದು ಡಬ್ಬಿಗೆ 1,450 ರೂಪಾಯಿಯಂತೆ ಮೂರು ವ್ಯಾಸಗಳಲ್ಲಿ, ಎರಡೆರಡು ತೂಕಗಳಲ್ಲಿ ಒಟ್ಟು ಆರು ಡಬ್ಬಿ ತರಿಸಿದೆ. 8,700 ರೂಪಾಯಿ. ನಳಿಗೆಯನ್ನು ಮೇಜಿಗೆ ಬಿಗಿದ ಕ್ಲ್ಯಾಂಪ್‌ನಲ್ಲಿ ಕೂರಿಸಿ, ಒಂದೊಂದು ಬಗೆಯನ್ನೂ ಬೇರೆ ಬೇರೆ ಕಾಗದದ ಮೇಲೆ ಹೊಡೆದು ನೋಡಿದೆ. ಅವುಗಳಲ್ಲಿ ಒಂದು ಬಗೆ ಮಾತ್ರ ಒಂದೇ ತೂತಿನಂತೆ ಕೂತಿತು. ಉಳಿದ ಐದು ಡಬ್ಬಿಗಳನ್ನು ಕೊಳ್ಳುವವರು ಉಡುಪಿಯಲ್ಲಿ ಸಿಗಲಿಲ್ಲ, ಹಾಗೆಯೇ ಇವೆ. ಆದರೂ ಆ ಖರ್ಚು ಸಾರ್ಥಕವೆಂದೇ ನನ್ನ ಎಣಿಕೆ. ಗುರಿಕಾಗದದ ನಡುವಿನ, ಹತ್ತು ಅಂಕದ ವೃತ್ತದ ವ್ಯಾಸ ಬರೀ 0.5 ಮಿ.ಮೀ. ಇರುವಾಗ, ಸದ್ದು ನಿಂತಿತೆಂಬ ಕಾರಣಕ್ಕೆ ಪೆಲೆಟ್ ಆರಿಸುವುದು ನನಗೆ ಸರಿಕಾಣುವುದಿಲ್ಲ. ಕ್ಲ್ಯಾಂಪ್‌ನಲ್ಲಿ ಪರೀಕ್ಷಿಸದೆ ಯಾರೂ ಏನನ್ನೂ ಹೇಳಬಾರದು.

ಕಾರ್ಕಳದಿಂದ

ನಾನು ತೋಟದವನು, ನನಗೆ ಹತ್ತರ ವೃತ್ತವೂ ಒಂಬತ್ತರ ವೃತ್ತವೂ ಬೇಡ. ನನ್ನ ಸ್ಪ್ರಿಂಗ್ ರೈಫಲ್ ಅಪ್ಪನ ಕಾಲದ್ದು, ಅದಕ್ಕೆ 0.45 ಗ್ರಾಂನ ಹಗುರ ಪೆಲೆಟ್ ಬಿಟ್ಟು ಬೇರೆ ಹಾಕಿಲ್ಲ. ಅಂಗಡಿಯವರೊಬ್ಬರು ಒತ್ತಾಯ ಮಾಡಿ 0.68 ಗ್ರಾಂನ ದುಂಡು ಮೂತಿಯ ಡಬ್ಬಿ ಕೊಟ್ಟರು, 900 ರೂಪಾಯಿ ತೆಗೆದುಕೊಂಡರು. ಅದನ್ನು ಹೊಡೆದರೆ ರೈಫಲ್ ಹೆಗಲಿನಿಂದ ಎಗರಿ ವಾಪಸು ಬಂದಂತಾಗುತ್ತಿತ್ತು, ಪೆಲೆಟ್ ತೆಂಗಿನ ಬುಡಕ್ಕೂ ತಲುಪದಷ್ಟು ನಿಧಾನ. ಅರ್ಧ ಡಬ್ಬಿ ಮುಗಿಯುವುದರೊಳಗೆ ಸ್ಪ್ರಿಂಗ್ ಎರಡು ತುಂಡು. ಹೊಸತು 700, ಕಾರ್ಕಳದಿಂದ ಮಂಗಳೂರಿಗೆ ಹೋಗಿಬರುವ ಬಸ್ಸು, ಮಧ್ಯಾಹ್ನದ ಊಟ, ಒಂದು ದಿನದ ಕೆಲಸ. ಇದನ್ನೆಲ್ಲ ಯಾರು ಕೊಡುತ್ತಾರೆ? ಭಾರದ ಪೆಲೆಟ್ ಹೊಗಳುವವರು ಹಳೆಯ ಸ್ಪ್ರಿಂಗ್‌ನ ಬಗ್ಗೆ ಯೋಚಿಸುವುದೇ ಇಲ್ಲ. ಅಡಿಕೆ ಮರಕ್ಕೆ ಮಂಗ ಬಂದರೆ ಹಗುರದ್ದೇ ಸಾಕು, ತಗುಲಿದ ಕೂಡಲೇ ಓಡುತ್ತದೆ.

ಕದ್ರಿಯಿಂದ

ಕಾರ್ಕಳದವರೇ, ತಗುಲಿದ ಪೆಲೆಟ್ ಚರ್ಮದೊಳಗೆ ಉಳಿದು ಕೀವಾಗಿ ಆ ಪ್ರಾಣಿ ದಿನಗಟ್ಟಲೆ ನರಳುತ್ತದೆ ಎಂಬುದು ನಿಮಗೆ ಗೊತ್ತಿಲ್ಲವೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏರ್‌ಗನ್‌ಗೂ ಅನ್ವಯಿಸುತ್ತದೆ. ಒಬ್ಬ ತಂದೆ ಮಗಳ ಅಭ್ಯಾಸದ ವಿಷಯ ಕೇಳಿದ ಜಾಗದಲ್ಲಿ ಇದನ್ನು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ನನ್ನ ಮಗನ ವಿಷಯ ಹೇಳುತ್ತೇನೆ. ತೂಕ, ವ್ಯಾಸ ಎರಡನ್ನೂ ತರಬೇತುದಾರರು ಹೇಳಿದಂತೆಯೇ ತಂದಿದ್ದೆವು: 0.53 ಗ್ರಾಂ, 4.50. ಬೇಸಗೆಯಲ್ಲಿ ಚೆನ್ನಾಗಿಯೇ ಇದ್ದ ಗುರಿ ಮಳೆಗಾಲದ ಆಟಿ ತಿಂಗಳಲ್ಲಿ ಕೆಟ್ಟಿತು. ಡಬ್ಬಿಯ ಮುಚ್ಚಳ ತೆಗೆದು ಬೆರಳು ಹಾಕಿದರೆ ತುದಿಗೆ ಬೂದಿಯಂಥ ಬಿಳಿ ಪುಡಿ ಮೆತ್ತಿಕೊಳ್ಳುತ್ತಿತ್ತು. ಪೆಲೆಟ್‌ನ ಹಿಂದಿನ ತೆಳು ಅಂಚಿನೊಳಗೂ ಅದೇ ಪುಡಿ. ನಮ್ಮ ಕರಾವಳಿಯ ತೇವಕ್ಕೆ ಸೀಸ ಹಾಗೆ ಬೂಷ್ಟು ಹಿಡಿದಂತಾಗುತ್ತದೆ, ಆಗ ಡಬ್ಬಿಯ ಮೇಲೆ ಯಾವ ತೂಕ ಬರೆದಿದ್ದರೂ ಪ್ರಯೋಜನವಿಲ್ಲ. 1,400 ರೂಪಾಯಿಯ ಡಬ್ಬಿಯಲ್ಲಿ ಮುಕ್ಕಾಲು ಪಾಲನ್ನು ಬದಿಗಿಡಬೇಕಾಯಿತು. ಈಗ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇವೆ. ಆ ಪುಡಿ ವಿಷ, ಪೆಲೆಟ್ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಮಕ್ಕಳಿಗೆ ತಿಂಡಿ ಕೊಡಬೇಡಿ.

ಕಾರ್ಕಳದಿಂದ

ಬೆಳೆದು ನಿಂತ ಫಸಲನ್ನು ಕಣ್ಣೆದುರೇ ಕಳೆದುಕೊಂಡವರ ಕಷ್ಟ ಪೇಟೆಯವರಿಗೆ ತಿಳಿಯುವುದಿಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಯನ್ನೂ ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕಾಗುತ್ತದೆ. ಆದರೂ ನಿಮ್ಮ ಮಾತಿಗೆ ಬೆಲೆ ಕೊಟ್ಟು ಮಂಗನ ವಿಷಯ ಇಲ್ಲಿಗೇ ನಿಲ್ಲಿಸುತ್ತೇನೆ. ಸ್ಪ್ರಿಂಗ್ ತುಂಡಾದದ್ದು ಭಾರದ ಪೆಲೆಟ್‌ನಿಂದಲೇ ಎಂಬ ಮಾತನ್ನು ಮಾತ್ರ ಹಿಂದೆಗೆದುಕೊಳ್ಳುವುದಿಲ್ಲ.

ಸುರತ್ಕಲ್‌ನಿಂದ

0.68ಕ್ಕೂ 0.53ಕ್ಕೂ ಅಜಗಜಾಂತರ ವ್ಯತ್ಯಾಸವಿದೆ ಸ್ವಾಮಿ, ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಮಣಿಪಾಲದವರಿಗೆ: ನಿಮ್ಮ ಕ್ಲ್ಯಾಂಪ್ ಪರೀಕ್ಷೆ ನಿಮ್ಮ ರೈಫಲ್‌ಗೆ ಸರಿ, ಏಕೆಂದರೆ ಅದರೊಳಗೆ ಮುಂದಕ್ಕೆ ನುಗ್ಗುವ ಭಾರವಾದ ಪಿಸ್ಟನ್ ಇಲ್ಲ. ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಇಡೀ ರೈಫಲ್ ಹಿಂದೆ ಮುಂದೆ ಚಲಿಸುತ್ತದೆ. ಅದಕ್ಕಾಗಿಯೇ ಅದನ್ನು ಬಿಗಿಯಾಗಿ ಹಿಡಿಯದೆ, ತೆರೆದ ಅಂಗೈಯ ಮೇಲೆ ಸುಮ್ಮನೆ ಇರಿಸಿ ಹೊಡೆಯಲು ಕಲಿಸುವುದು. ಕ್ಲ್ಯಾಂಪ್‌ನಲ್ಲಿ ಬಿಗಿದರೆ ಆ ಚಲನೆಯೇ ಬೇರೆಯಾಗಿಬಿಡುತ್ತದೆ, ಅಲ್ಲಿ ಗೆದ್ದ ಪೆಲೆಟ್ ಕೈಯಲ್ಲಿ ಸೋಲುತ್ತದೆ. ತೂಕಕ್ಕೆ ಬೆಲೆಯಿಲ್ಲವೆಂಬಂತೆ ಬರೆದಿದ್ದೀರಲ್ಲ, ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 190 ಮೀಟರ್ ವೇಗದ ಹಗುರ ಪೆಲೆಟ್ ಹತ್ತು ಮೀಟರ್ ಹೋಗುವಷ್ಟರಲ್ಲಿ ಸುಮಾರು 14 ಮಿ.ಮೀ. ಇಳಿಯುತ್ತದೆ, 170 ಮೀಟರ್ ವೇಗದ ಭಾರದ್ದು 17 ಮಿ.ಮೀ. ಈ ಮೂರು ಮಿ.ಮೀ. ಸಾಕು, ಸೈಟ್ (ಗುರಿ ಹಿಡಿಯುವ ಸಾಧನ) ತಿರುಗಿಸದಿದ್ದರೆ ಹತ್ತು ಒಂಬತ್ತಾಗುತ್ತದೆ.

ಮಣಿಪಾಲದಿಂದ

ಇಳಿತ ಪ್ರತಿ ಸಲವೂ ಒಂದೇ ಆಗಿದ್ದರೆ ಸೈಟ್‌ನಲ್ಲಿ ಸರಿಪಡಿಸಬಹುದು, ಅದನ್ನು ದೊಡ್ಡದು ಮಾಡಬೇಕಿಲ್ಲ. ಕೇಳಿದವರ ತೊಂದರೆ ಚದುರುವಿಕೆ, ಅಂದರೆ ವೇಗ ಹೊಡೆತದಿಂದ ಹೊಡೆತಕ್ಕೆ ಬದಲಾಗುತ್ತಿದೆ. ಸ್ಪ್ರಿಂಗ್ ಕೂರಿಸಿದವರು ಸಿಲಿಂಡರ್‌ಗೆ ಎಣ್ಣೆ ಸುರಿದಿದ್ದರೆ ಅದು ಒಳಗೆ ಒತ್ತಡದ ಶಾಖಕ್ಕೆ ಹೊತ್ತಿಕೊಂಡು ಹೀಗೆಯೇ ಆಗುತ್ತದೆ. ಅದನ್ನು ನೀವು ಒಮ್ಮೆಯಾದರೂ ಕೇಳಿದಿರಾ?

ಸುರತ್ಕಲ್‌ನಿಂದ

ಎಣ್ಣೆಯ ಮಾತನ್ನು ಒಪ್ಪುತ್ತೇನೆ. ಉಳಿದದ್ದನ್ನಲ್ಲ.

ಕುಂದಾಪುರದಿಂದ

ತೂಕದ ಬಗ್ಗೆ ಇಷ್ಟು ಜಗಳವಾಡುವವರು ಪೆಲೆಟ್‌ಗಳನ್ನು ತೂಗಿಯೇ ನೋಡಿಲ್ಲ. ನಾನು ಚಿನ್ನದ ಕೆಲಸದವರ ಬಳಿಯಿರುವಂಥ ಸಣ್ಣ ತಕ್ಕಡಿ ತಂದು, 2,200 ರೂಪಾಯಿ ಕೊಟ್ಟು, ಡಬ್ಬಿಯ ಪೆಲೆಟ್‌ಗಳನ್ನು ಒಂದೊಂದಾಗಿ ತೂಗುತ್ತೇನೆ. ಅಗ್ಗದ ಡಬ್ಬಿಯಲ್ಲಿ 0.45 ಎಂದು ಬರೆದಿದ್ದರೂ 0.43ರಿಂದ 0.47ರವರೆಗೆ ಸಿಕ್ಕಿವೆ. ಕೊರಿಯರ್‌ನಲ್ಲಿ ಬಂದ ಡಬ್ಬಿಯಲ್ಲಿ ಅಂಚು ನೆಗ್ಗಿದವು ಬೇರೆ. ಅವನ್ನು ಬೆಳಕಿಗೆ ಹಿಡಿದರೆ ದುಂಡಗಿರಬೇಕಾದ ಅಂಚು ಒಂದು ಕಡೆ ಒಳಕ್ಕೆ ಮಡಚಿರುವುದು ಕಾಣುತ್ತದೆ. ಮಾರಿದವರು ಹಣ ವಾಪಸು ಕೊಡಲಿಲ್ಲ, ಡಬ್ಬಿ ತೆರೆದಾಗಿದೆ ಎಂದರು. ತೆರೆಯದೆ ನೋಡುವುದು ಹೇಗೆ?

ಕೇಳಿದವರು, ಉಡುಪಿ

ಎಲ್ಲರಿಗೂ ವಂದನೆಗಳು. ಸಿಲಿಂಡರ್ ಬಿಚ್ಚಿಸಿ ನೋಡಿದಾಗ ಎಣ್ಣೆ ನಿಜಕ್ಕೂ ತುಂಬಿತ್ತು; ಒರೆಸಿದ ಮೇಲೆ ಚದುರುವಿಕೆ ಕಡಿಮೆಯಾಗಿದೆ. ಸದ್ದು ಮಾತ್ರ ಹಾಗೆಯೇ ಇದೆ. 0.53 ಗ್ರಾಂನ 4.50 ಮತ್ತು 4.51 ಪೆಲೆಟ್‌ಗಳನ್ನು ಸ್ವಲ್ಪ ಸ್ವಲ್ಪ ಕೊಡುವವರು ಯಾರಾದರೂ ಇದ್ದಾರೆಯೇ? ಇಡೀ ಡಬ್ಬಿ ಕೊಳ್ಳುವ ಮೊದಲು ಮಗಳ ಕೈಯಲ್ಲೇ ಹೊಡೆಸಿ ನೋಡಬೇಕೆಂದಿದ್ದೇನೆ.

ಮಣಿಪಾಲದಿಂದ

ಐದು ಡಬ್ಬಿ ಇವೆ ಎಂದು ಹೇಳಿದ್ದೆನಲ್ಲ, ಎರಡೂ ವ್ಯಾಸದವು ಅದರಲ್ಲಿವೆ. ಉಡುಪಿಗೆ ತಂದುಕೊಡುತ್ತೇನೆ. ಕ್ಲ್ಯಾಂಪ್ ತರುವುದಿಲ್ಲ.

ಸುರತ್ಕಲ್‌ನಿಂದ

4.51ರಿಂದ ಶುರು ಮಾಡಿ. ಬಿಗಿಯಾಗಿ ಕೂತರೆ ಸದ್ದು ಅಲ್ಲಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ಹೊಸ ಸ್ಪ್ರಿಂಗ್ ತೆಗೆದು ಹಳೆಯದನ್ನೇ ಹಾಕಿಸಿ.