ಬೆಕ್ಕಿಗೆ ಕಪ್ಪು ಗೆರೆ ಬೇಕಾ?

(ಮನೆಯವರ ಗುಂಪು. ಒಂದು ಗೇಮಿಗೆ ಅಂತ ನಾನು ಬರೆದು ಹಾಕಿದ ಬೆಕ್ಕಿನ ಚಿತ್ರದ ಕೆಳಗೆ ನಡೆದ ಮಾತು. ಚಿತ್ರ 32×32 ಪಿಕ್ಸೆಲ್, ಅಂದರೆ ಅಗಲಕ್ಕೆ 32, ಎತ್ತರಕ್ಕೆ 32 ಚಿಕ್ಕ ಬಣ್ಣದ ಚೌಕ.)

ಅಣ್ಣ: ಮುಖ ಮುದ್ದಾಗಿದೆ. ಆದರೆ ಸುತ್ತ ಕಪ್ಪು ಗೆರೆ ಯಾಕೆ? ಬಣ್ಣ ತುಂಬುವ ಪುಸ್ತಕದ ಥರ ಇದೆ. ಶೇಡಿಂಗ್ ನೋಡಿದರೆ ಹೊಟ್ಟೆ ದಿಂಬಿನ ಹಾಗೆ ಉಬ್ಬಿದೆ.

ನಾನು: ದಿಂಬಿನ ಮಾತು ಒಪ್ಪಿದೆ. ಅಂಚಿನಲ್ಲಿ ಕಡು ಬಣ್ಣ, ನಡುವೆ ತಿಳಿ ಬಣ್ಣ, ಉಂಗುರದೊಳಗೆ ಉಂಗುರ. ಬೆಳಕು ಯಾವ ಕಡೆಯಿಂದ ಅಂತ ನಾನು ಯೋಚಿಸಿಯೇ ಇರಲಿಲ್ಲ. ಈಗ ಎಡಗಡೆ ಮೇಲಿನಿಂದ ಅಂತ ಇಟ್ಟುಕೊಂಡೆ. ನೆರಳು ಮೂರೇ ಕಡೆ: ಗಲ್ಲದ ಕೆಳಗೆ, ಹೊಟ್ಟೆಯ ಬಲಕ್ಕೆ, ಬಾಲದ ಒಳಮಗ್ಗುಲಿಗೆ. ಕಿತ್ತಳೆಗೆ ಕಪ್ಪು ಬೆರೆಸಿದರೆ ಕೊಳೆ ಹತ್ತಿದ ಹಾಗೆ ಕಂಡಿತು. ಅದಕ್ಕೆ ನೆರಳನ್ನು ಕೆಂಪಿನ ಕಡೆ ವಾಲಿಸಿದೆ.

ಕಪ್ಪು ಗೆರೆ ಮಾತ್ರ ತೆಗೆಯುವುದಿಲ್ಲ.

ಅಕ್ಕ: ನಿಜವಾದ ಬೆಕ್ಕಿಗೆ ಗೆರೆ ಇರಲ್ಲ ಅಲ್ವಾ?

ನಾನು: ಇದು ಕಾರ್ಟೂನ್ ಬೆಕ್ಕು ಅಕ್ಕ. ಗೇಮಿನಲ್ಲಿ ಹುಲ್ಲಿನ ಮೇಲೂ ಓಡಬೇಕು, ಮರಳಿನ ಮೇಲೂ ಓಡಬೇಕು. ಗೆರೆ ಅಳಿಸಿ ಮರಳಿನ ಮೇಲೆ ನಿಲ್ಲಿಸಿ ನೋಡಿದೆ. ಕಿವಿ ಎಲ್ಲಿ ಮುಗಿಯಿತು ಅಂತಲೇ ತಿಳಿಯಲಿಲ್ಲ. 1981ರ ಡಾಂಕಿ ಕಾಂಗ್ ಗೇಮಿನ ನಾಯಕ ಮಾರಿಯೋಗೆ ಮೀಸೆ, ಟೋಪಿ ಬಂದದ್ದೂ ಇಂಥ ಕಷ್ಟಕ್ಕೇ. ಅಷ್ಟು ಕಡಿಮೆ ಚೌಕಗಳಲ್ಲಿ ಬಾಯಿ, ಕೂದಲು ಬರೆಯಲು ಆಗುತ್ತಿರಲಿಲ್ಲ. ಮೊದಲು ಗುರುತು ಸಿಗಬೇಕು.

ಅಣ್ಣ: ಸರಿ, ಹೊರಗೆ ಇರಲಿ. ಒಳಗೂ ಕಪ್ಪೇ ಬೇಕಾ? ಕಾಲನ್ನು ಕತ್ತರಿಸಿ ಅಂಟಿಸಿದ ಹಾಗಿದೆ.

ನಾನು: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನೀನು ಹೇಳಿದ್ದೇ ಸರಿ. ಕಾಲಿನ ಅಗಲ ನಾಲ್ಕೇ ಚೌಕ. ಎರಡೂ ಕಡೆ ಒಂದೊಂದು ಕಪ್ಪಿಗೆ ಹೋದರೆ ಬಣ್ಣಕ್ಕೆ ಉಳಿಯುವುದು ಎರಡು. ಅರ್ಧ ಕಾಲು ಬರೀ ಗೆರೆ! ಹೊಟ್ಟೆಗೆ ತಾಗುವ ಕಡೆ ಕಪ್ಪು ತೆಗೆದು ಕಡು ಕಂದು ಹಾಕಿದೆ. ಈಗ ಕಾಲು ಮೈಯಿಂದಲೇ ಬಂದ ಹಾಗಿದೆ.

ಚಿಕ್ಕಮ್ಮ: ನನಗೆ ಮೊದಲನೆಯದೇ ಇಷ್ಟ ಆಗಿತ್ತು. ಸುಮ್ನೆ ಯಾಕೆ ಅವಳ ತಲೆ ತಿನ್ನುತ್ತೀರಿ?

ನಾನು: ತಲೆ ತಿನ್ನುತ್ತಿಲ್ಲ ಚಿಕ್ಕಮ್ಮ. ಎರಡು ವಾರದಿಂದ ಈ ಕಾಲು ನೋಡುತ್ತಿದ್ದೆ, ಏನು ತಪ್ಪು ಅಂತ ಹೊಳೆದಿರಲಿಲ್ಲ. ಅಣ್ಣ ಹೇಳಿದ ಮೇಲೆ ಹೊಳೆಯಿತು.

ಅಣ್ಣ: ಹಾಗಾದರೆ ಇನ್ನೊಂದು. ಬೆನ್ನಿನ ಗೆರೆ ಹಲ್ಲು ಹಲ್ಲಾಗಿದೆ. ಗೆರೆ ಮೆಟ್ಟಿಲಾಗಿ ಇಳಿಯುವಲ್ಲಿ ಒಂದೊಂದು ಮೆಟ್ಟಿಲಿನ ಉದ್ದ 3, 1, 2 ಚೌಕ ಅಂತ ಕುಣಿಯುತ್ತಿದೆ.

ನಾನು: 3, 2, 1 ಮಾಡಿದೆ, ನೋಡು. ಹೊರಗಿನ ಕಪ್ಪು ಹಾಗೇ ಇದೆ.